ಮಳೆ ನಕ್ಷತ್ರಗಳನ್ನು ಕಣ್ಣಾರೆ ಕಾಣಲು ಯಾವ ತಿಂಗಳು, ಯಾವ ಜಾಗ, ಯಾವ ಸಾಧನ?

ರೋಹಿಣಿ ಮಳೆ ಬಿದ್ದರೆ ಆಲೂಗಡ್ಡೆ ಬಿತ್ತನೆಯ ಮಾತು, ಆರಿದ್ರಾ ಹಿಡಿದರೆ ಬಿಡದ ಮಳೆಯ ಮಾತು, ಮಖೆ ಬಂದರೆ ‘ಮಖೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆ. ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಬೆಳೆದವರ ಕಿವಿಗೆ ಈ ಹೆಸರುಗಳು ಹೊಸವಲ್ಲ. ನಮ್ಮ ಅಜ್ಜಿ ಇಪ್ಪತ್ತೇಳು ನಕ್ಷತ್ರಗಳನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಆದರೆ ಆರಿದ್ರಾ ಎಂಬ ಆ ಚುಕ್ಕಿ ಆಕಾಶದಲ್ಲಿ ಎಲ್ಲಿದೆ ಎಂದು ಕೇಳಿದರೆ ಬೆರಳೆತ್ತಿ ತೋರಿಸುವವರು ತೀರ ಕಡಿಮೆ. ಹೆಸರು ಮನೆಯಲ್ಲಿ ಉಳಿದು ಚುಕ್ಕಿ ಮಾತ್ರ ಕೈತಪ್ಪಿ ಹೋಗಿರುವುದು ನನಗೆ ನೋವಿನ ಸಂಗತಿ.

ಕೈತಪ್ಪಲು ಒಂದು ಸರಳ ಕಾರಣವಿದೆ. ಮಳೆ ನಕ್ಷತ್ರದ ಲೆಕ್ಕ ಸೂರ್ಯನದು. ಸೂರ್ಯ ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸುವುದು ಜೂನ್ 21–22ರ ಸುಮಾರಿಗೆ. ಅಲ್ಲಿಂದ ಹದಿಮೂರು ಹದಿನಾಲ್ಕು ದಿನ ಆರಿದ್ರಾ ಮಳೆ. ಆ ದಿನಗಳಲ್ಲಿ ಆ ನಕ್ಷತ್ರ ಸೂರ್ಯನ ಜೊತೆಯಲ್ಲೇ ಹುಟ್ಟಿ ಅವನ ಜೊತೆಯಲ್ಲೇ ಮುಳುಗುತ್ತದೆ. ಮೋಡ ಒಂದೂ ಇಲ್ಲದಿದ್ದರೂ ಕಾಣುವುದಿಲ್ಲ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ ಬೇಗ ಹುಟ್ಟುತ್ತಾ ಬರುವುದರಿಂದ, ಜೂನ್‌ನಲ್ಲಿ ಸೂರ್ಯನಲ್ಲಿ ಅಡಗಿದ್ದ ಆರ್ದ್ರಾ ಡಿಸೆಂಬರ್ ಕೊನೆಗೆ ಸಂಜೆಗತ್ತಲಲ್ಲಿ ಪೂರ್ವದಿಂದ ಮೇಲೇಳುತ್ತದೆ. ಅಂದರೆ ಯಾವ ಮಳೆಯ ಚುಕ್ಕಿಯನ್ನು ನೋಡಬೇಕೋ ಆ ಮಳೆ ಕಳೆದು ಆರೇಳು ತಿಂಗಳು ಕಾಯಬೇಕು. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಯಾವ ತಿಂಗಳಲ್ಲಿ ಕಲಿಕೆ ಶುರು ಮಾಡಬೇಕೆಂಬ ಪ್ರಶ್ನೆ ಅರ್ಧ ತೀರಿದ ಹಾಗೆ.

ಯಾವ ತಿಂಗಳು?

ಮೊದಲೇ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಹೊಸಬರಿಗೆ ಫೆಬ್ರುವರಿಯೇ ಸರಿ. ಎರಡನೆಯ ಸ್ಥಾನ ಮೇ ತಿಂಗಳಿಗೆ. ಅಕ್ಟೋಬರ್, ನವೆಂಬರ್ ಆಮೇಲೆ. ಮಳೆಗಾಲವನ್ನು ನಂಬಿ ಕೂರಬೇಡಿ.

ಡಿಸೆಂಬರ್‌ನಿಂದಲೇ ಚಳಿಗಾಲದ ನಕ್ಷತ್ರಗಳು ಸಂಜೆ ಕಾಣುತ್ತವೆ. ಹಾಗಿದ್ದೂ ಫೆಬ್ರುವರಿಯವರೆಗೆ ಕಾಯಿರಿ ಎನ್ನಲು ಕಾರಣವಿದೆ. ಡಿಸೆಂಬರ್‌ನಲ್ಲಿ ರಾತ್ರಿ ಎಂಟಕ್ಕೆ ಅವು ಇನ್ನೂ ಪೂರ್ವದ ಮರಗಳ ಸಂದಿಯಲ್ಲಿರುತ್ತವೆ. ಮಲೆನಾಡಿನ ಕಡೆ ಮಂಜೂ ಇಳಿಯುತ್ತದೆ. ಫೆಬ್ರುವರಿ ನಡುವಿನ ಹೊತ್ತಿಗೆ ಅದೇ ಎಂಟು ಗಂಟೆಗೆ ಅವೆಲ್ಲ ನೆತ್ತಿಯ ಸುತ್ತ ನೆರೆದಿರುತ್ತವೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ.

ದಕ್ಷಿಣಕ್ಕೆ ಮುಖ ಮಾಡಿ ನಿಂತು ತಲೆ ಎತ್ತಿ. ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಮೂರು ಚುಕ್ಕಿಗಳು ಕಾಣುತ್ತವೆ. ಇದು ಮಹಾವ್ಯಾಧ ಎಂಬ ಬೇಟೆಗಾರನ ಆಕಾರದ ನಕ್ಷತ್ರಪುಂಜದ ನಡುಪಟ್ಟಿ; ಆ ಪುಂಜಕ್ಕೆ ನಕ್ಷೆಗಳಲ್ಲಿ ಒರಾಯನ್ ಎಂದು ಹೆಸರು. ಇದನ್ನು ಗುರುತಿಸಲಾರದವರನ್ನು ನಾನು ಈವರೆಗೆ ಕಂಡಿಲ್ಲ; ಐದು ವರ್ಷದ ಮಗುವೂ ಹಿಡಿಯುತ್ತದೆ. ಪಟ್ಟಿಯ ಮೇಲೆ ಎಡಕ್ಕೆ ಕೆಂಪು ಛಾಯೆಯ ದೊಡ್ಡ ಚುಕ್ಕಿ ಇದೆಯಲ್ಲ, ಅದೇ ಆರ್ದ್ರಾ. ಕೆಳಗೆ ಬಲಕ್ಕಿರುವ ನೀಲಿಬಿಳುಪಿನದು ರೈಜೆಲ್. ಎರಡನ್ನೂ ಒಂದಾದ ಮೇಲೊಂದು ನೋಡಿ. ನಕ್ಷತ್ರಗಳಿಗೆ ಬಣ್ಣವಿದೆ ಎಂಬುದು ಆಗ ತಿಳಿಯುತ್ತದೆ.

ಇನ್ನು ಕೈಯ ಅಳತೆ. ಕೈಯನ್ನು ಪೂರ್ತಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಬೆರಳುಗಳನ್ನು ಹರಡಿದ ಗೇಣು 20 ಡಿಗ್ರಿಗಿಂತ ತುಸು ಹೆಚ್ಚು. ನಡುಪಟ್ಟಿಯ ಗೆರೆಯನ್ನು ಮೇಲೆ ಬಲಕ್ಕೆ ಒಂದು ಗೇಣು ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಹೆಚ್ಚುಕಡಿಮೆ ನೆತ್ತಿಯಲ್ಲೇ. ಅದೇ ಗೆರೆಯನ್ನು ಕೆಳಗೆ ಎಡಕ್ಕೆ ಒಂದು ಗೇಣು ಎಳೆದರೆ ಇಡೀ ರಾತ್ರಿಯಾಕಾಶದ ಅತಿ ಪ್ರಕಾಶಮಾನ ನಕ್ಷತ್ರ ಲುಬ್ಧಕ. ರೋಹಿಣಿಯಿಂದ ಇನ್ನೊಂದು ಮುಷ್ಟಿ ಆಚೆ ಪಶ್ಚಿಮಕ್ಕೆ ಕೃತ್ತಿಕೆಯ ಪುಟ್ಟ ಗೊಂಚಲು. ಒಂದು ಎಚ್ಚರಿಕೆ: ನಡುಪಟ್ಟಿಯನ್ನೇ ಮೃಗಶಿರ ಎಂದು ತೋರಿಸುವವರಿದ್ದಾರೆ. ಪಂಚಾಂಗದ ಮೃಗಶಿರ ಅದಲ್ಲ. ಆರ್ದ್ರಾದ ಬಲಕ್ಕೆ, ಸ್ವಲ್ಪ ಮೇಲೆ, ವ್ಯಾಧನ ತಲೆಯಿರುವಲ್ಲಿ ಒತ್ತೊತ್ತಾಗಿರುವ ಮೂರು ಮಂಕು ಚುಕ್ಕಿಗಳೇ ಮೃಗಶಿರ.

ಈಗ ಪಶ್ಚಿಮದಿಂದ ಪೂರ್ವಕ್ಕೆ ಓದುತ್ತಾ ಬನ್ನಿ. ಕೃತ್ತಿಕಾ, ರೋಹಿಣಿ, ಮೃಗಶಿರ, ಆರ್ದ್ರಾ, ಪುನರ್ವಸುವಿನ ಜೋಡಿ ಚುಕ್ಕಿ, ಮಂಕಾದ ಪುಷ್ಯ ಮತ್ತು ಆಶ್ಲೇಷಾ, ಕೊನೆಗೆ ಪೂರ್ವದಲ್ಲಿ ಆಗತಾನೇ ಮೇಲೇರುತ್ತಿರುವ ಮಖಾ. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ನಮ್ಮ ಹೊಲಗಳ ಮೇಲೆ ಬರುವ ಮಳೆಗಳ ಕ್ರಮವೇ ಇದು! ಒಂದು ಹನಿಯೂ ಇಲ್ಲದ ಫೆಬ್ರುವರಿಯ ಒಣ ಆಕಾಶದಲ್ಲಿ ಮುಂಗಾರು ಇಷ್ಟುದ್ದ ಸಾಲಾಗಿ ನಿಂತಿರುವುದನ್ನು ಮೊದಲ ಸಲ ಅರಿತ ರಾತ್ರಿ ನಾನು ಮನೆಯವರನ್ನೆಲ್ಲ ತಾರಸಿಗೆ ಕರೆದಿದ್ದೆ.

ನಡುಪಟ್ಟಿಯ ಬಗ್ಗೆ ಹಾಸನದವರು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಆ ಮೂರು ಚುಕ್ಕಿಗಳು ಇರುವುದು ಭೂಮಧ್ಯರೇಖೆಯ ನೇರ ಮೇಲೆ ಎನ್ನಬಹುದಾದ ಜಾಗದಲ್ಲಿ. ಆದ್ದರಿಂದ ಅವು ಸರಿಯಾಗಿ ಪೂರ್ವದಲ್ಲಿ ಹುಟ್ಟಿ ಸರಿಯಾಗಿ ಪಶ್ಚಿಮದಲ್ಲಿ ಮುಳುಗುತ್ತವೆ. ದಿಕ್ಕು ತಿಳಿಯಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ. ಹಾಸನದಲ್ಲಿ 1982ರಿಂದ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳೂ ಭೂಮಧ್ಯರೇಖೆಯ ಮೇಲೆಯೇ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುತ್ತವೆ. ಅವು ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ನಡುಪಟ್ಟಿ ರಾತ್ರಿಯಿಡೀ ಸಾಗುವ ದಾರಿಯನ್ನು ನೋಡಿದರೆ, ಆ ಉಪಗ್ರಹಗಳು ಯಾವ ಸಾಲಿನಲ್ಲಿವೆ ಎಂಬುದು ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಮೇ ತಿಂಗಳಿನ ಆಕಾಶ ಇದಕ್ಕಿಂತ ಸೌಮ್ಯ. ಮಹಾವ್ಯಾಧನಂತೆ ಕಣ್ಣಿಗೆ ಹೊಡೆಯುವ ಆಕಾರ ಕಡಿಮೆ, ಗೆರೆ ಎಳೆದು ಹುಡುಕುವ ಕೆಲಸ ಜಾಸ್ತಿ. ಅದಕ್ಕೇ ಎರಡನೆಯ ಪಾಠ ಎಂದದ್ದು. ಮೇ ಮಧ್ಯದಲ್ಲಿ ರಾತ್ರಿ ಒಂಬತ್ತಕ್ಕೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ನೆಟ್ಟಗೆ ಮೇಲೆ ಬಂದಿರುತ್ತದೆ. ಅದರ ಬಾಲ ಬಾಗಿದ ಹಾಗೆಯೇ ಮುಂದಕ್ಕೆ ಎಳೆದರೆ ಸ್ವಾತಿ, ಇನ್ನೂ ಎಳೆದರೆ ಚಿತ್ತೆ, ಚಿತ್ತೆಯ ಬಲಕ್ಕೆ ಅಂಗೈಯಂತೆ ಹರಡಿದ ಹಸ್ತ. ನೆತ್ತಿಯಿಂದ ಪಶ್ಚಿಮಕ್ಕೆ ವಾಲಿದ ಸಿಂಹದ ಮುಂಭಾಗ ಥೇಟ್ ಕುಡುಗೋಲು. ಅದರ ಹಿಡಿಯ ತುದಿಯೇ ಮಖಾ. ಸಿಂಹದ ಹಿಂಭಾಗದಲ್ಲಿ ಹುಬ್ಬ ಮತ್ತು ಉತ್ತರೆ. ಅಂದರೆ ಫೆಬ್ರುವರಿಯಲ್ಲಿ ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದಿನ ಮಳೆಗಳು, ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗಿನವು, ಮೇ ಆಕಾಶದಲ್ಲಿವೆ.

ಇದು ಮದುವೆಗಳ ಕಾಲವೂ ಹೌದು. ಪುರೋಹಿತರು ಮಟಮಟ ಮಧ್ಯಾಹ್ನ ಹೊರಗೆ ಕರೆತಂದು ಅರುಂಧತಿ ತೋರಿಸುತ್ತಾರೆ, ವಧೂವರರು ತಲೆಯಾಡಿಸುತ್ತಾರೆ. ಅದೇ ದಿನ ರಾತ್ರಿ ಛತ್ರದ ಅಂಗಳಕ್ಕೆ ಬಂದು ಉತ್ತರಕ್ಕೆ ನೋಡಿದರೆ ಅವಳು ನಿಜವಾಗಿ ಕಾಣುತ್ತಾಳೆ: ಸಪ್ತರ್ಷಿಗಳ ಬಾಲದ ತುದಿಯಿಂದ ಎರಡನೆಯವನು ವಸಿಷ್ಠ, ಅವನಿಗೆ ಅಂಟಿಕೊಂಡ ಸಣ್ಣ ಚುಕ್ಕಿ ಅರುಂಧತಿ. ಹೊಸ ಜೋಡಿಗೆ ಇದನ್ನು ತೋರಿಸುವ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಪ್ರತಿ ಮನೆಯಲ್ಲೂ ಇರಬೇಕೆಂದು ನನ್ನ ಆಸೆ.

ಮೇ ತಿಂಗಳು ಕೊಡುವ ಇನ್ನೊಂದು ಉಡುಗೊರೆ ತ್ರಿಶಂಕು. ಒಂಬತ್ತೂವರೆಯ ಹೊತ್ತಿಗೆ ನೇರ ದಕ್ಷಿಣದಲ್ಲಿ, ದಿಗಂತದಿಂದ ಒಂದೂವರೆ ಎರಡು ಮುಷ್ಟಿ ಎತ್ತರದಲ್ಲಿ ನಾಲ್ಕು ಚುಕ್ಕಿಗಳ ಶಿಲುಬೆ. ಏಪ್ರಿಲ್‌ನಲ್ಲಿ ಇದಕ್ಕಿಂತ ಪಶ್ಚಿಮಕ್ಕೆ ಇನ್ನೊಂದು ದೊಡ್ಡ, ಮಂಕಾದ ಶಿಲುಬೆಯಾಕಾರ ಕಂಡು ಮೋಸ ಮಾಡುತ್ತದೆ. ನಿಜವಾದದ್ದರ ಎಡಕ್ಕೆ ಎರಡು ಪ್ರಖರ ಚುಕ್ಕಿಗಳು ಕಾವಲಿನಂತೆ ನಿಂತಿರುತ್ತವೆ. ಅವುಗಳಲ್ಲಿ ಹೆಚ್ಚು ಎಡಕ್ಕಿರುವುದು ಆಲ್ಫಾ ಸೆಂಟಾರಿ, ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ ವ್ಯವಸ್ಥೆ, ಸುಮಾರು 4.4 ಜ್ಯೋತಿರ್ವರ್ಷ ದೂರ. ಬೆನ್ನ ಹಿಂದೆ ಸಪ್ತರ್ಷಿ, ಕಣ್ಣ ಮುಂದೆ ತ್ರಿಶಂಕು. ಲಂಡನ್ನಿನವರಿಗೆ ತ್ರಿಶಂಕು ಎಂದೂ ಹುಟ್ಟುವುದಿಲ್ಲ, ಸಿಡ್ನಿಯವರಿಗೆ ಸಪ್ತರ್ಷಿಗಳು ಪೂರ್ತಿ ಮೇಲೇರುವುದಿಲ್ಲ. 13 ಡಿಗ್ರಿ ಉತ್ತರ ಅಕ್ಷಾಂಶದ ನಮಗೆ ಎರಡೂ ಒಂದೇ ರಾತ್ರಿ, ಒಂದೇ ಅಂಗಳದಲ್ಲಿ.

ಮೇ ತಿಂಗಳಿನ ಕೊರತೆ ಎಂದರೆ ಸಂಜೆಯ ಗುಡುಗುಮಳೆ. ಅದನ್ನು ಶಪಿಸಬೇಡಿ. ಆರು ಗಂಟೆಗೆ ಮಳೆ ಹೊಯ್ದು ಒಂಬತ್ತಕ್ಕೆ ಮೋಡ ಸರಿದರೆ ಧೂಳೆಲ್ಲ ಇಳಿದುಹೋಗಿ ಚುಕ್ಕಿಗಳು ಕೈಗೆಟುಕುವಂತೆ ಕಾಣುತ್ತವೆ.

ಮಳೆಗಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಕಾರದಲ್ಲಿ ಹೆಸರಿಗೆ ಅತ್ಯಂತ ನಿಷ್ಠವಾದ ವೃಶ್ಚಿಕ ರಾಶಿ ಜುಲೈ ಸಂಜೆಗಳದ್ದು ಎಂಬುದು ಮಲೆನಾಡಿಗರಿಗೆ ಆದ ನಷ್ಟ. ಅದನ್ನು ತುಂಬಿಕೊಳ್ಳಲು ಎರಡು ದಾರಿ: ಮೇ ಕೊನೆಯಲ್ಲಿ ರಾತ್ರಿ ಹತ್ತಕ್ಕೆ ಆಗ್ನೇಯದಲ್ಲಿ, ಇಲ್ಲವೇ ಸೆಪ್ಟೆಂಬರ್ ಮಧ್ಯದಲ್ಲಿ ಮೋಡ ಹರಿದ ದಿನ ಏಳೂವರೆಗೆ ನೈಋತ್ಯದಲ್ಲಿ ನೋಡುವುದು. ಕೆಂಪು ಜ್ಯೇಷ್ಠಾ ಅದರ ಎದೆ, ಕೊಂಡಿಯಂತೆ ಬಾಗಿದ ಮೂಲಾ ಅದರ ಬಾಲ.

ಅಕ್ಟೋಬರ್, ನವೆಂಬರ್ ಆಕಾಶವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ನಾನು ಕಲಿಯಲು ಹೊರಟದ್ದು ಅಕ್ಟೋಬರ್‌ನಲ್ಲೇ. ಪೆಗಾಸಸ್ ಎಂಬ ಪುಂಜದ ನಾಲ್ಕು ಚುಕ್ಕಿಗಳ ಚೌಕ ಹುಡುಕುತ್ತಾ ಎರಡು ವಾರ ಕಳೆದೆ, ಪ್ರತಿ ರಾತ್ರಿ ಬೇರೆ ಬೇರೆ ಚೌಕ ಕಂಡಂತಾಯಿತು, ಕೊನೆಗೆ ಬಿಟ್ಟೆ. ಮತ್ತೆ ತಲೆಯೆತ್ತಿದ್ದು ಎರಡು ವರ್ಷದ ಮೇಲೆ. ಆ ಚೌಕದ ಪಶ್ಚಿಮದ ಎರಡು ಚುಕ್ಕಿಗಳು ಪೂರ್ವಾಭಾದ್ರ, ಪೂರ್ವದ ಎರಡು ಉತ್ತರಾಭಾದ್ರ. ಯಾವುವೂ ಬಹಳ ಪ್ರಖರವಲ್ಲ, ಹಿಂಗಾರು ಮೋಡಗಳ ಕಾಟ ಬೇರೆ. ದೀಪಾವಳಿಯ ಅಮಾವಾಸ್ಯೆ ಕತ್ತಲೆಯೇನೋ ಹೌದು, ಪಟಾಕಿ ಹೊಗೆ ಅದನ್ನು ಕೆಡಿಸುತ್ತದೆ. ಎರಡು ಋತುಗಳ ಪರಿಚಯವಾದ ಮೇಲೆ ಬನ್ನಿ. ಆಗ ನವೆಂಬರ್ ರಾತ್ರಿ ಒಂಬತ್ತರ ಮೇಲೆ ನೆತ್ತಿಯ ಉತ್ತರಕ್ಕೆ ಸಣ್ಣ ಮಬ್ಬಿನಂತೆ ಕಾಣುವ ಆಂಡ್ರೊಮೆಡಾ ಗೆಲಕ್ಸಿ ನಿಮಗಾಗಿ ಕಾದಿರುತ್ತದೆ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ್ದು, ಬರಿಗಣ್ಣಿಗೆ ಸಿಗುತ್ತದೆ.

ಯಾವ ಜಾಗ?

ಬೆಟ್ಟದ ತುದಿಗೆ ಹೋದರೆ ನಕ್ಷತ್ರಗಳು ಹತ್ತಿರವಾಗುತ್ತವೆ ಎಂದು ಮುಳ್ಳಯ್ಯನಗಿರಿಯ ಕನಸು ಕಾಣುವವರು ಬಹಳ. ರಾಜ್ಯದ ಅತಿ ಎತ್ತರದ ಶಿಖರ ಅದು, ಸುಮಾರು 1,930 ಮೀಟರ್. ಆದರೆ ಸಂಜೆಯ ಮೇಲೆ ಪ್ರವಾಸಿಗರು ಅಲ್ಲಿ ಉಳಿಯುವಂತಿಲ್ಲ. ಮಂಜು, ಗಾಳಿ ಬೇರೆ. ಹೊಸಬರಿಗೆ ಅದು ಬೇಕಾಗಿಯೂ ಇಲ್ಲ.

ನನ್ನ ಆಯ್ಕೆ ಬಯಲುಸೀಮೆ: ಅರಸೀಕೆರೆ, ಕಡೂರು ಕಡೆಯ ಹಳ್ಳಿಗಳು. ಬಾಬಾಬುಡನ್‌ಗಿರಿ ಸಾಲಿನ ಮರೆಯಲ್ಲಿರುವ ಕಡೂರಿನ ಕಡೆ ಮೋಡ ಕಡಿಮೆ, ದಿಗಂತ ವಿಶಾಲ. ತೆಂಗಿನ ತೋಟದಿಂದ ಹೊರಬಂದು ಕೆರೆ ಏರಿಯ ಮೇಲೆ ನಿಂತರೆ ತ್ರಿಶಂಕುವಿನಂಥ ತಗ್ಗಿನ ಪುಂಜಗಳಿಗೂ ಅಡ್ಡಿಯಿಲ್ಲ. ಪುಷ್ಯ, ಆಶ್ಲೇಷಾಗಳಂಥ ಮಂಕು ಚುಕ್ಕಿಗಳು ಇಲ್ಲಿ ಕಂಡಾವು, ಹಾಸನ ಪೇಟೆಯಲ್ಲಿ ಕಾಣಲಾರವು.

ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಕತ್ತಲೆ ಇನ್ನೂ ಗಾಢ. ಸಿಲ್ವರ್ ಓಕ್ ಮರಗಳು ದಿಗಂತವನ್ನು ನುಂಗುತ್ತವೆ, ಆದರೆ ಮನೆಯ ಮುಂದಿನ ಕಾಫಿ ಕಣದಲ್ಲಿ ನಿಂತರೆ ನೆತ್ತಿಯ ಆಕಾಶ ತೆರೆದಿರುತ್ತದೆ. ಫೆಬ್ರುವರಿಯಲ್ಲಿ ನೋಡಬೇಕಾದದ್ದೆಲ್ಲ ನೆತ್ತಿಯ ಸುತ್ತಲೇ ಇರುವುದರಿಂದ ತೋಟದ ಮನೆಯವರಿಗೆ ಅಷ್ಟು ಸಾಕು. ಅಗಸ್ತ್ಯ ಬೇಕಿದ್ದರೆ ಮಾತ್ರ ದಕ್ಷಿಣ ತೆರೆದಿರಬೇಕು. ಲುಬ್ಧಕನಿಂದ ಬಹಳ ಕೆಳಗೆ, ದಿಗಂತದಿಂದ ಎರಡೂವರೆ ಮುಷ್ಟಿ ಮೇಲಿರುವ ಅವನು ರಾತ್ರಿಯ ಎರಡನೆಯ ಪ್ರಖರ ನಕ್ಷತ್ರ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯಲ್ಲಿ ಕಾಡಾನೆಗಳ ಓಡಾಟ ನಿಜವಾದ ಅಪಾಯ. ದೀಪ ಆರಿಸಿ, ಸದ್ದಿಲ್ಲದೆ, ತಲೆ ಮೇಲೆತ್ತಿ ನಿಲ್ಲುವವರಿಗೆ ಅದು ಇನ್ನೂ ಹೆಚ್ಚು. ತೋಟದ ರಸ್ತೆಗೆ, ಗದ್ದೆ ಬಯಲಿಗೆ ಹೋಗಬೇಡಿ. ಅಂಗಳ, ಕಣ ಅಥವಾ ತಾರಸಿ, ಇಷ್ಟೇ.

ಪೇಟೆಯಲ್ಲಿರುವವರು ಬೇಸರಪಡಬೇಕಾಗಿಲ್ಲ. ಹಾಸನದ ಬೀದಿದೀಪಗಳ ನಡುವಿನ ತಾರಸಿಯಿಂದಲೂ ಮಹಾವ್ಯಾಧ, ಲುಬ್ಧಕ, ರೋಹಿಣಿ, ಪುನರ್ವಸು, ಮಖಾ ಸಿಗುತ್ತವೆ. ನೀರಿನ ತೊಟ್ಟಿಯ ಮರೆಯಲ್ಲಿ ನಿಂತು ಬೀದಿದೀಪ ನೇರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಹೊಸಬರಿಗೆ ತೀರ ಕತ್ತಲೆಗಿಂತ ಇದೇ ಸುಲಭ ಎಂದೂ ಹೇಳುವೆ: ಸಣ್ಣ ಚುಕ್ಕಿಗಳು ಅಳಿಸಿಹೋಗಿ ದೊಡ್ಡವು ಮಾತ್ರ ಉಳಿಯುವುದರಿಂದ ಆಕಾರ ಬೇಗ ಹೊಳೆಯುತ್ತದೆ. ಧ್ರುವ ನಕ್ಷತ್ರ ಮಾತ್ರ ಪೇಟೆಯಲ್ಲಿ ಕಷ್ಟ. ನಮ್ಮ ಅಕ್ಷಾಂಶದಷ್ಟೇ, ಅಂದರೆ 13 ಡಿಗ್ರಿ ಎತ್ತರದಲ್ಲಿರುವ ಅವನನ್ನು ಮುಚ್ಚಲು ಪಕ್ಕದ ಮನೆಯ ಗೋಡೆ ಸಾಕು.

ಯಾವ ಸಾಧನ?

ಮೊದಲ ತಿಂಗಳು ಬರಿಗಣ್ಣು ಮತ್ತು ಒಂದು ಕಾಗದದ ನಕ್ಷೆ. ನಕ್ಷೆ ಆರಿಸುವಾಗ ಅದು ಯಾವ ಅಕ್ಷಾಂಶಕ್ಕೆ ಮಾಡಿದ್ದು ಎಂದು ನೋಡಿ. ಅಮೆರಿಕ, ಯೂರೋಪಿನವರಿಗಾಗಿ ಮಾಡಿದ ನಕ್ಷೆಗಳಲ್ಲಿ ಧ್ರುವ ಅರ್ಧ ಆಕಾಶದೆತ್ತರ ಇರುತ್ತಾನೆ, ತ್ರಿಶಂಕು ಇರುವುದೇ ಇಲ್ಲ. ನಮ್ಮವರು ಎಷ್ಟೋ ಜನ ಅಲ್ಲೇ ಎಡವುತ್ತಾರೆ. ಬೆಂಗಳೂರಿನ ನಕ್ಷೆ ನಮಗೆ ಹೇಳಿ ಮಾಡಿಸಿದ ಹಾಗಿದೆ, ಅಕ್ಷಾಂಶ ಒಂದೇ. ಹಾಸನದಲ್ಲಿ ಎಲ್ಲವೂ ಸುಮಾರು ಆರು ನಿಮಿಷ ತಡ, ಅಷ್ಟೇ. ನಕ್ಷೆಯಲ್ಲಿ ಪೂರ್ವ ಎಡಕ್ಕಿರುವುದು ತಪ್ಪಲ್ಲ. ಅದನ್ನು ತಲೆಯ ಮೇಲೆ ಹಿಡಿದು ನೋಡಬೇಕು.

ಮೊಬೈಲಿನ ಸ್ಟೆಲೇರಿಯಂನಂಥ ಆಪ್ ಒಳ್ಳೆಯದೇ, ಆದರೆ ಮನೆಯೊಳಗೆ, ಹೊರಡುವ ಮೊದಲು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಬೆಳಗುವ ಪರದೆಯನ್ನು ಒಮ್ಮೆ ನೋಡಿದರೆ ಆ ಹೊಂದಿಕೆ ಕೆಡುತ್ತದೆ. ಪರದೆಯಲ್ಲಿ ಹೆಸರು ಓದಿದವರಿಗೆ ಮರುದಿನ ಚುಕ್ಕಿ ಮರೆತಿರುತ್ತದೆ, ಗೇಣಿನಲ್ಲಿ ಅಳೆದು ಹುಡುಕಿದವರಿಗೆ ಮರೆಯುವುದಿಲ್ಲ. ಇದು ನಾನು ಮಕ್ಕಳಲ್ಲಿ ಪದೇ ಪದೇ ಕಂಡದ್ದು. ಆಪ್ ನಿಜವಾಗಿ ಬೇಕಾಗುವುದು ನಕ್ಷೆಯಲ್ಲಿಲ್ಲದ ಪ್ರಖರ ಚುಕ್ಕಿಯೊಂದು ಕಂಡಾಗ. ಅದು ಮಿನುಗದೆ ನಿಂತ ಗ್ರಹವಾಗಿರುತ್ತದೆ.

ಹಣ ಖರ್ಚು ಮಾಡುವುದಾದರೆ ದೂರದರ್ಶಕಕ್ಕಲ್ಲ, 7×50 ಅಥವಾ 10×50 ಬೈನಾಕ್ಯುಲರಿಗೆ (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ). ದೂರದರ್ಶಕ ಆಕಾಶದ ಒಂದು ಚೂರನ್ನು ಮಾತ್ರ ತೋರಿಸುತ್ತದೆ. ಪುಂಜ ಕಲಿಯುವವರಿಗೆ ಬೇಕಾದದ್ದು ಅಗಲವಾದ ನೋಟ. ಬೈನಾಕ್ಯುಲರಿನಲ್ಲಿ ಕೃತ್ತಿಕೆ ಆರೇಳು ಚುಕ್ಕಿಯಿಂದ ಹತ್ತಾರಕ್ಕೆ ಏರುತ್ತದೆ, ಪುಷ್ಯದ ಮಬ್ಬು ಜೇನುಗೂಡಿನಂತೆ ಒಡೆದು ಕಾಣುತ್ತದೆ, ನಡುಪಟ್ಟಿಯ ಕೆಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ನೀಹಾರಿಕೆ ಹೊಗೆಯಂತೆ ಹರಡುತ್ತದೆ.

ಒಂದೇ ರಾತ್ರಿ ಸಿಗುವುದಾದರೆ

ಚಂದ್ರನಿಲ್ಲದ ರಾತ್ರಿಗಳು ಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬಹುಳ ಅಷ್ಟಮಿಯಿಂದ ಶುದ್ಧ ಪಂಚಮಿಯವರೆಗೆ ಗುರುತು ಹಾಕಿಕೊಳ್ಳಿ. ವರ್ಷದಲ್ಲಿ ಒಂದೇ ರಾತ್ರಿ ಬಿಡುವು ಎನ್ನುವವರಿಗೆ ನಾನು ತೋರಿಸುವುದು ಮಹಾಶಿವರಾತ್ರಿಯನ್ನು. ಫೆಬ್ರುವರಿ ಇಲ್ಲವೇ ಮಾರ್ಚ್, ಬಹುಳ ಚತುರ್ದಶಿ, ಬೆಳಗಿನ ಜಾವದವರೆಗೆ ಚಂದ್ರನ ಸುಳಿವಿಲ್ಲ, ಊರಿಗೆ ಊರೇ ಎಚ್ಚರ. ನಾಲ್ಕು ಯಾಮದ ಪೂಜೆಯ ನಡುವೆ ಹೊರಗೆ ಬಂದು ನೋಡಿದರೆ ವರ್ಷದ ಬಹುಪಾಲು ಆಕಾಶ ಕಣ್ಣ ಮುಂದೆ ಹಾಯುತ್ತದೆ. ಮೊದಲ ಯಾಮದಲ್ಲಿ ಮಹಾವ್ಯಾಧ, ರೋಹಿಣಿ, ಅಗಸ್ತ್ಯ. ಎರಡನೆಯ ಯಾಮ ಮುಗಿಯುವ ಹೊತ್ತಿಗೆ, ನಡುರಾತ್ರಿಯ ಸುಮಾರಿಗೆ, ಮಖಾ ನೆತ್ತಿಯ ಮೇಲೆ. ಮೂರನೆಯ ಯಾಮದ ಕೊನೆಯಲ್ಲಿ ಉತ್ತರಕ್ಕೆ ಸಪ್ತರ್ಷಿ, ದಕ್ಷಿಣಕ್ಕೆ ತ್ರಿಶಂಕು, ನಡುವೆ ಹಸ್ತ, ಚಿತ್ತೆ, ಸ್ವಾತಿ. ನಾಲ್ಕನೆಯದರಲ್ಲಿ, ಐದು ಗಂಟೆಗೆ ಬೆಳಕು ಹರಿಯುವ ಮೊದಲು, ಮಳೆಗಾಲ ನಮ್ಮಿಂದ ಮುಚ್ಚಿಡುವ ವೃಶ್ಚಿಕ ದಕ್ಷಿಣದಲ್ಲಿ ಕೊಂಡಿಯೆತ್ತಿ ಪೂರ್ತಿ ನಿಂತಿರುತ್ತದೆ. ಹಿಂದಿನ ಶಿವರಾತ್ರಿಗೆ ಪಕ್ಕದ ಮನೆಯ ಹುಡುಗಿಯೊಬ್ಬಳು ಆ ಕೊಂಡಿಯವರೆಗೂ ಎಚ್ಚರವಿದ್ದಳು. ಜ್ಯೇಷ್ಠಾ ತೋರಿಸಿದಾಗ, ಅದು ತನ್ನ ಜನ್ಮ ನಕ್ಷತ್ರ ಎಂದು ಹೇಳಿ, ಅಮ್ಮನನ್ನು ಎಬ್ಬಿಸಲು ಒಳಗೆ ಓಡಿದಳು.